ಕಾರವಾರದಲ್ಲಿ ಮಳೆ ನಿಂತ ಮೇಲೂ ಹಳ್ಳದ ನೀರು ಒಮ್ಮೆಲೇ ಏರುವುದು ಯಾಕೆ?

ಯಾಕಂದ್ರೆ ಆ ನೀರು ನಿಮ್ಮೂರಲ್ಲಿ ಬಿದ್ದ ಮಳೆಯದ್ದಲ್ಲ, ಘಟ್ಟದ ಮೇಲೆ ಬಿದ್ದದ್ದು. ಕಡಲಿನ ತೇವದ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣ್ಣಗಾಗಿ ಅಲ್ಲೇ ಸುರಿಯುತ್ತದೆ. ಗುಡುಗಿನ ಮೋಡವಾದರೆ ಇನ್ನೂ ಜೋರು: ಸಣ್ಣ ಜಾಗದಲ್ಲಿ, ಒಂದೆರಡು ತಾಸಿನೊಳಗೆ. 100 ಮಿಲಿಮೀಟರ್ ಮಳೆ ಅಂದರೆ ಎಕರೆಗೆ ಸುಮಾರು 4 ಲಕ್ಷ ಲೀಟರ್ ನೀರು, ಮಣ್ಣು ಆಗಲೇ ನೆನೆದಿದ್ದರೆ ಅದರಲ್ಲಿ ಹೆಚ್ಚಿನದು ಇಳಿಜಾರಿನಲ್ಲಿ ಸೀದಾ ಹಳ್ಳಕ್ಕೆ ಬರುತ್ತದೆ. ಇಲ್ಲಿ ಗುಡ್ಡ ಕಡಲಿಗೆ ತೀರಾ ಹತ್ತಿರ ಅಲ್ವಾ, ಕೆಳಗೆ ತಲುಪಲು ಜಾಸ್ತಿ ಹೊತ್ತು ಬೇಡ. ಆಗ ಭರತವೂ (ಕಡಲಿನ ಉಬ್ಬರ) ಇದ್ದರೆ ಅಳಿವೆಯಲ್ಲಿ, ಅಂದರೆ ನೀರು ಕಡಲು ಸೇರುವಲ್ಲಿ, ನೀರು ಬೇಗ ಇಳಿಯುವುದಿಲ್ಲ. ಹಳ್ಳ ಕೆಂಪಾಗಿ ಎಲೆ, ಕಡ್ಡಿ ತೇಲಿಬರಲು ಶುರುವಾದರೆ ಬಿಸಿಲಿದ್ದರೂ ಕಾಲುಸಂಕ ದಾಟಬೇಡಿ.