ಗ್ರಂಥಿಗಳ ಪಟ್ಟಿ ಸಾಕು, ನಂಟು ಬರೆಯಿರಿ

ಆತ್ಮೀಯರೇ,

ನೀವು ಕಳಿಸಿದ ‘ಹಾರ್ಮೋನುಗಳ ಮಾಯಾಲೋಕ’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅಚ್ಚು ಹಾಕಲು ಆಗುವುದಿಲ್ಲ. ಇದನ್ನು ಸುತ್ತಿಬಳಸಿ ಹೇಳಿದರೆ ನಿಮ್ಮ ಹೊತ್ತೂ ದಂಡ, ನನ್ನದೂ ದಂಡ. ಹಾಗೆಂದು ‘ವಿಷಾದದೊಂದಿಗೆ ಹಿಂದಿರುಗಿಸಲಾಗಿದೆ’ ಎಂಬ ಚೀಟಿ ಅಂಟಿಸಿ ಕಳಿಸುವಂಥ ಬರಹವೂ ಇದಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವರು ನೀವು. ವಿಷಯ ಗೊತ್ತಿದೆ, ವಾಕ್ಯಗಳು ಎಡವುವುದಿಲ್ಲ, ಕಾಗುಣಿತ ನಮ್ಮ ಕಚೇರಿಯ ಕೆಲವರಿಗಿಂತ ಚೆನ್ನಾಗಿದೆ. ತೊಂದರೆ ಇರುವುದು ಬೇರೆ ಕಡೆ.

ಲೇಖನದ ಮೈಕಟ್ಟು ಒಮ್ಮೆ ನೋಡಿ. ಮೆದುಳಿನ ಬುಡದ ಹೈಪೋಥಲಾಮಸ್‌ಗೆ ಒಂದು ಪ್ಯಾರಾ, ಅದರ ಕೆಳಗಿರುವ ಪಿಟ್ಯುಟರಿಗೆ ಒಂದು, ಥೈರಾಯ್ಡ್‌ಗೆ ಒಂದು, ಅಡ್ರಿನಲ್‌ಗೆ ಒಂದು, ಅಂಡಾಶಯ ಮತ್ತು ವೃಷಣಕ್ಕೆ ಸೇರಿ ಎರಡು. ಪ್ರತಿಯೊಂದರಲ್ಲೂ ಗ್ರಂಥಿ ಎಲ್ಲಿದೆ, ಎಷ್ಟು ತೂಗುತ್ತದೆ, ಏನು ಸ್ರವಿಸುತ್ತದೆ, ಕಡಿಮೆಯಾದರೆ ಯಾವ ರೋಗ, ಹೆಚ್ಚಾದರೆ ಯಾವ ರೋಗ. ಇದು ಪಿಯುಸಿ ನೋಟ್ಸಿನ ಕ್ರಮ. ಪರೀಕ್ಷೆಯಲ್ಲಿ ಅಂಕ ಬರುತ್ತದೆ. ಮೆಜೆಸ್ಟಿಕ್ಕಿನಿಂದ ಹೊರಟ ಬಸ್ಸಿನಲ್ಲಿ ಪತ್ರಿಕೆ ಬಿಡಿಸಿದವರಿಗೆ ಮೂರನೇ ಪ್ಯಾರಾಕ್ಕೆ ಆಕಳಿಕೆ ಬರುತ್ತದೆ. ನಿಮ್ಮ ಉಪಶೀರ್ಷಿಕೆ ‘ಕಶೇರುಕಗಳ ಸಂತಾನೋತ್ಪತ್ತಿ ಬೆಳವಣಿಗೆಯಲ್ಲಿ ಹಾರ್ಮೋನುಗಳ ಪರಸ್ಪರ ಕ್ರಿಯೆ’ ಎಂದಿದೆ. ಇಡೀ ಲೇಖನದಲ್ಲಿ ಥೈರಾಯ್ಡು ಅಂಡಾಶಯದ ಮುಖವನ್ನೇ ನೋಡಿಲ್ಲ.

ಅದನ್ನೇ ಹಿಡಿದು ಹೇಳುತ್ತೇನೆ. ‘ಥೈರಾಯ್ಡ್ ಕೊರತೆಯಾದರೆ ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ, ಮೈನೆರೆಯುವುದು ತಡವಾಗುತ್ತದೆ’ ಎಂದು ಬರೆದು ಮುಂದಿನ ಗ್ರಂಥಿಗೆ ಹೋಗಿದ್ದೀರಿ. ಸಾಮಾನ್ಯವಾಗಿ ಅದು ನಿಜ. ಆದರೆ 1960ರಲ್ಲಿ ಜಡ್ಸನ್ ವ್ಯಾನ್ ವೈಕ್ ಮತ್ತು ಮೆಲ್ವಿನ್ ಗ್ರಂಬಾಕ್ ಎಂಬ ವೈದ್ಯರು ವರದಿ ಮಾಡಿದ ಹುಡುಗಿಯರ ಕಥೆ ತಿರುಗುಮುರುಗು. ಥೈರಾಯ್ಡ್ ತೀರ ಸೊರಗಿದ ಮಕ್ಕಳವು. ಎತ್ತರ ಬೆಳೆದಿಲ್ಲ. ಆದರೂ ಹೊತ್ತಿಗೆ ಮುಂಚೆ ಮುಟ್ಟಾಗಿದ್ದಾರೆ, ಎದೆಯಲ್ಲಿ ಹಾಲು ಜಿನುಗುತ್ತಿದೆ. ಥೈರಾಯ್ಡ್ ಹಾರ್ಮೋನು ಕೊಟ್ಟ ಮೇಲೆ ಇದೆಲ್ಲ ಹಿಂದೆ ಸರಿಯಿತು. ಬೆಳವಣಿಗೆಯೇ ನಿಂತ ಮಗುವಿಗೆ ಪ್ರಾಯ ಮಾತ್ರ ಬೇಗ ಬಂದದ್ದು ಹೇಗೆ? ನಿಮ್ಮ ಲೇಖನ ಈ ಪ್ರಶ್ನೆಯಿಂದ ಶುರುವಾಗಲಿ.

ಉತ್ತರ ನಿಮ್ಮ ಕೈಯಲ್ಲೇ ಇದೆ, ಎರಡು ಪ್ಯಾರಾಗಳಲ್ಲಿ ಹಂಚಿ ಇಟ್ಟಿದ್ದೀರಿ ಅಷ್ಟೆ. ಥೈರಾಯ್ಡ್ ಕೈಕೊಟ್ಟಾಗ ಪಿಟ್ಯುಟರಿ ಸುಮ್ಮನಿರದೆ ಅದನ್ನು ಎಬ್ಬಿಸುವ ಹಾರ್ಮೋನಾದ ಟಿಎಸ್‌ಎಚ್ ಸುರಿಯತೊಡಗುತ್ತದೆ. ಈ ಟಿಎಸ್‌ಎಚ್, ಅಂಡಾಶಯವನ್ನು ಎಬ್ಬಿಸುವ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್, ಮೂರೂ ಎರಡೆರಡು ತುಣುಕು ಕೂಡಿ ಆದ ಪ್ರೋಟೀನುಗಳು. ಆಲ್ಫಾ ತುಣುಕು ಮೂರಕ್ಕೂ ಒಂದೇ. ಬೀಟಾ ಬೇರೆ ಬೇರೆ. ಕೋಶಗಳಲ್ಲಿ ಅವನ್ನು ಗುರುತಿಸಿ ಹಿಡಿಯುವ ಗ್ರಾಹಕಗಳೂ ಹತ್ತಿರದ ದಾಯಾದಿಗಳು. ಟಿಎಸ್‌ಎಚ್ ಹದವಾಗಿರುವಾಗ ಎಫ್‌ಎಸ್‌ಎಚ್ ಗ್ರಾಹಕ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಮಟ್ಟ ವಿಪರೀತ ಏರಿದಾಗ ಅಂಡಾಶಯ ಅದಕ್ಕೂ ಓಗೊಡುತ್ತದೆ. ಹಾಲಿನ ಕಾರಣ ಇನ್ನೊಂದು: ಥೈರಾಯ್ಡನ್ನು ಎಬ್ಬಿಸಲೆಂದು ಹೈಪೋಥಲಾಮಸ್ ಕಳಿಸುವ ಟಿಆರ್‌ಎಚ್ ಪಿಟ್ಯುಟರಿಯಿಂದ ಹಾಲು ಬರಿಸುವ ಪ್ರೊಲ್ಯಾಕ್ಟಿನ್ನನ್ನೂ ಹೊರಡಿಸುತ್ತದೆ.

ಇದೇ ಪ್ರೊಲ್ಯಾಕ್ಟಿನ್ ದೊಡ್ಡವರಲ್ಲಿ ಏನು ಮಾಡುತ್ತದೆಂದು ಮುಂದುವರಿಸಿ. ಅದು ಹೆಚ್ಚಾದರೆ ಮೆದುಳಿನಲ್ಲಿ ಕಿಸ್‌ಪೆಪ್ಟಿನ್ ಎಂಬ ಸಂದೇಶವಾಹಕವನ್ನು ಸ್ರವಿಸುವ ಕೋಶಗಳು ಸುಮ್ಮನಾಗುತ್ತವೆ, ಅವು ಸುಮ್ಮನಾದರೆ ಪಿಟ್ಯುಟರಿಯಿಂದ ಎಫ್‌ಎಸ್‌ಎಚ್, ಎಲ್‌ಎಚ್ ಹೊರಡಿಸುವ ಜಿಎನ್‌ಆರ್‌ಎಚ್ ಮಿಡಿತ ಕುಂದುತ್ತದೆ, ಮುಟ್ಟು ಏರುಪೇರಾಗುತ್ತದೆ. ಈ ಊರಿನಲ್ಲಿ ಬೆಳಗೆದ್ದು ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗುವ ಹೆಂಗಸರು ಮನೆಮನೆಯಲ್ಲಿದ್ದಾರೆ. ‘ಅದಕ್ಕೂ ಇದಕ್ಕೂ ಸಂಬಂಧ ಇದೆಯಮ್ಮಾ’ ಎಂದಿರುತ್ತಾರೆ ಡಾಕ್ಟರು. ಏನು ಸಂಬಂಧ ಎಂದು ವಿವರಿಸುವಷ್ಟು ವ್ಯವಧಾನ ಅವರಿಗಿಲ್ಲ, ಹೊರಗೆ ಇನ್ನಷ್ಟು ಜನ ಕೂತಿರುತ್ತಾರೆ. ಆ ಓದುಗರನ್ನು ಎದುರಿಗೆ ಕೂರಿಸಿಕೊಂಡು ಬರೆಯಿರಿ.

ಕಿಸ್‌ಪೆಪ್ಟಿನ್ ಎಂದೆ. ಅಮೆರಿಕದ ಹರ್ಷಿ ಎಂಬ ಚಾಕೊಲೇಟ್ ಊರಿನಿಂದ ಆ ಹೆಸರು ಬಂತೆಂದು ನೀವು ಆರು ಸಾಲು ಬರೆದಿದ್ದೀರಿ. ಅದು ಮಾಡುವ ಕೆಲಸಕ್ಕೆ ಒಂದೇ ಸಾಲು. ಅಳತೆ ಅದಲುಬದಲು ಮಾಡಿ. 2003ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಕಂಡುಕೊಂಡದ್ದು ಇಷ್ಟು: ಕಿಸ್‌ಪೆಪ್ಟಿನ್‌ನ ಗ್ರಾಹಕದ ಜೀನ್ ಕೆಟ್ಟವರಿಗೆ ಪ್ರಾಯವೇ ಬರುವುದಿಲ್ಲ. ಜಿಎನ್‌ಆರ್‌ಎಚ್ ಕೋಶಗಳಿಗೆ ಅಂಡಾಶಯದ ಹಾರ್ಮೋನಾದ ಈಸ್ಟ್ರೋಜನ್ನಿನ ಮುಖ್ಯ ಗ್ರಾಹಕ ಇಲ್ಲ. ಅಂಡಾಶಯದ ಸುದ್ದಿ ಅವಕ್ಕೆ ನೇರವಾಗಿ ಮುಟ್ಟದು. ಕಿಸ್‌ಪೆಪ್ಟಿನ್ ಕೋಶಗಳಿಗೆ ಆ ಗ್ರಾಹಕ ಇದೆ. ಅವು ಕೇಳಿಸಿಕೊಂಡು ದಾಟಿಸುತ್ತವೆ. ಕೊಬ್ಬಿನ ಅಂಗಾಂಶದ ಲೆಪ್ಟಿನ್, ಒತ್ತಡದ ಕಾರ್ಟಿಸಾಲ್, ಪ್ರೊಲ್ಯಾಕ್ಟಿನ್ ಇವೆಲ್ಲದರ ಒತ್ತಾಯವೂ ಬಹುಮಟ್ಟಿಗೆ ಈ ದಾರಿಯಲ್ಲೇ ಬರುತ್ತದೆ. ನಿಮ್ಮ ಬಿಡಿ ಪ್ಯಾರಾಗಳು ಕೂಡಿಕೊಳ್ಳಬೇಕಾದ ಜಾಗ ಇದು.

ಪಿಟ್ಯುಟರಿಯನ್ನು ಯಕ್ಷಗಾನದ ಭಾಗವತರಿಗೆ ಹೋಲಿಸಿದ್ದೀರಿ. ಇಷ್ಟವಾಯಿತು, ಆದರೆ ಅರ್ಧಕ್ಕೇ ಕೈಬಿಟ್ಟಿದ್ದೀರಿ. ಭಾಗವತರು ಹಾಡಿದರು, ಉಳಿದವರು ಕುಣಿದರು ಎಂದು ಮುಗಿಸಿದಿರಿ. ಆಟ ನೋಡಿದವರಿಗೆ ಗೊತ್ತು, ವೇಷಧಾರಿಯ ಹೆಜ್ಜೆಯ ಮೇಲೆ ಕಣ್ಣಿಡದೆ ಭಾಗವತರು ಪದ ಎತ್ತುವುದಿಲ್ಲ. ಋತುಚಕ್ರದ ಬಹುಪಾಲು ದಿನ ಈಸ್ಟ್ರೋಜನ್ ಪಿಟ್ಯುಟರಿಯನ್ನು ತಗ್ಗಿಸಿ ಇಡುತ್ತದೆ. ಅಂಡವನ್ನು ಹೊತ್ತು ಪಕ್ವವಾಗುತ್ತಿರುವ ಕೋಶಿಕೆಯಿಂದ ಅದು ಏರಿ ಸುಮಾರು ಎರಡು ದಿನ ಎತ್ತರದಲ್ಲೇ ನಿಂತರೆ ಅದೇ ಈಸ್ಟ್ರೋಜನ್ ಈಗ ಎಲ್‌ಎಚ್ ಉಕ್ಕಿಸುತ್ತದೆ, ಅಂಡ ಬಿಡುಗಡೆಯಾಗುತ್ತದೆ. ತಡೆಯುತ್ತಿದ್ದದ್ದೇ ತಳ್ಳುವುದಕ್ಕೆ ನಿಂತಿತು. ‘ಹಿಮ್ಮಾಹಿತಿ ನಿಯಂತ್ರಣವಿದೆ’ ಎಂಬ ನಿಮ್ಮ ಒಣ ವಾಕ್ಯದ ಒಳಗೆ ಇಷ್ಟು ಕಥೆ ಅಡಗಿದೆ.

ತಾಳದ ಮಾತೂ ಬರಲಿ. 1978ರಲ್ಲಿ ಅರ್ನ್‌ಸ್ಟ್ ನೋಬಿಲ್ ಅವರ ತಂಡ ರೀಸಸ್ ಕೋತಿಗಳಲ್ಲಿ ತೋರಿಸಿದ್ದು: ಜಿಎನ್‌ಆರ್‌ಎಚ್ ಅನ್ನು ಗಂಟೆಗೊಮ್ಮೆ ಕೊಟ್ಟರೆ ಪಿಟ್ಯುಟರಿ ಕೆಲಸ ಮಾಡುತ್ತದೆ, ಎಡೆಬಿಡದೆ ಹರಿಸಿದರೆ ಮುಷ್ಕರ ಹೂಡುತ್ತದೆ. ತೀರ ಬೇಗ ಪ್ರಾಯಕ್ಕೆ ಬರುತ್ತಿರುವ ಮಕ್ಕಳಿಗೆ ಇಂದು ಕೊಡುವ ಚುಚ್ಚುಮದ್ದು ಈ ಮುಷ್ಕರವನ್ನೇ ಬಳಸಿಕೊಳ್ಳುತ್ತದೆ. ಹಾರ್ಮೋನು ಎಷ್ಟಿದೆ ಎಂದು ನೀವು ಪುಟಪುಟದಲ್ಲೂ ಬರೆದಿದ್ದೀರಿ, ಯಾವ ಲಯದಲ್ಲಿ ಬರುತ್ತದೆ ಎಂದು ಎಲ್ಲೂ ಬರೆದಿಲ್ಲ.

ಯಾವ ಕಾಲದಲ್ಲಿ ಎಂಬುದೂ ಇಲ್ಲ. ಇಲಿಮರಿ ಹುಟ್ಟಿದ ಹೊಸತರಲ್ಲಿ ಕೆಲಕಾಲ ಥೈರಾಯ್ಡ್ ಹಾರ್ಮೋನನ್ನು ತಗ್ಗಿಸಿ ಆಮೇಲೆ ಬಿಟ್ಟರೆ ದೊಡ್ಡದಾದ ಮೇಲೆ ಅದರ ವೃಷಣ ಮಾಮೂಲಿಗಿಂತ ದೊಡ್ಡದಾಗುತ್ತದೆ, ವೀರ್ಯಾಣುಗಳೂ ಹೆಚ್ಚು. ವೀರ್ಯಾಣುಗಳನ್ನು ಸಾಕುವ ಸರ್ಟೋಲಿ ಕೋಶಗಳಿಗೆ ‘ಇನ್ನು ಸಾಕು, ಬಲಿಯಿರಿ’ ಎನ್ನುವುದು ಥೈರಾಯ್ಡ್ ಹಾರ್ಮೋನು. ಅಪ್ಪಣೆ ತಡವಾದರೆ ಅವು ಇನ್ನಷ್ಟು ದಿನ ಹೆಚ್ಚುತ್ತ ಹೋಗುತ್ತವೆ. ಕೊರತೆ ಎಂದರೆ ರೋಗ ಎಂಬ ನಿಮ್ಮ ಸೂತ್ರ ಇಲ್ಲಿ ಕೈಕೊಡುತ್ತದೆ.

ಭ್ರೂಣದ ಭಾಗದಲ್ಲಿ ನೀವು ಫ್ರಾನ್ಸಿನ ವಿಜ್ಞಾನಿ ಆಲ್ಫ್ರೆಡ್ ಜೋಸ್ಟ್ ಹೆಸರು ಹೇಳಿ ಪ್ರಯೋಗ ಹೇಳದೆ ಮುಂದೆ ಹೋದದ್ದು ನನಗೆ ಸಿಟ್ಟು ತರಿಸಿತು. ತಾಯಿಮೊಲದ ಹೊಟ್ಟೆಯೊಳಗಿರುವಾಗಲೇ ಮರಿಯ ಲೈಂಗಿಕ ಗ್ರಂಥಿಗಳನ್ನು ತೆಗೆದವರು ಅವರು, 1947ರಲ್ಲಿ ಪ್ರಕಟವಾಯಿತು. ಗಂಡಾಗಬೇಕಿದ್ದ ಮರಿಯಲ್ಲೂ ಗರ್ಭಕೋಶ, ಅಂಡನಾಳ ಬೆಳೆದವು. ವೃಷಣದ ಹಾರ್ಮೋನಾದ ಟೆಸ್ಟೋಸ್ಟಿರಾನ್ ಇಟ್ಟು ನೋಡಿದರೆ ಗಂಡಿನ ನಾಳ ಉಳಿಯಿತು, ಆದರೆ ಗರ್ಭಕೋಶವಾಗುವ ಹೆಣ್ಣಿನ ನಾಳ ಅಳಿಯಲಿಲ್ಲ. ಹಾಗಾದರೆ ಅಳಿಸುವ ಎರಡನೆಯದೊಂದು ಇರಲೇಬೇಕು ಎಂದರು. ಅದೇ ಇಂದಿನ ಆ್ಯಂಟಿ-ಮುಲ್ಲೇರಿಯನ್ ಹಾರ್ಮೋನು. ಒಂದು ಉಳಿಸುತ್ತದೆ, ಇನ್ನೊಂದು ಅಳಿಸುತ್ತದೆ. ಎರಡೂ ಹೊತ್ತಿಗೆ ಸರಿಯಾಗಿ ಬಂದರೆ ಮಾತ್ರ ಗಂಡು.

ಇದನ್ನು ನಮ್ಮ ಓದುಗರಿಗೆ ಮುಟ್ಟಿಸಲು ಮೊಲವೂ ಬೇಡ, ಫ್ರಾನ್ಸೂ ಬೇಡ. ರಾಮನಗರ, ಕೋಲಾರದ ಕಡೆ ಸೀಮೆಹಸು ಕಟ್ಟಿದವರನ್ನು ಕೇಳಿ. ಹಸು ಅವಳಿ ಹಾಕಿ, ಒಂದು ಹೋರಿಗರು, ಇನ್ನೊಂದು ಹೆಣ್ಣುಗರು ಆದರೆ ಆ ಹೆಣ್ಣುಗರು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಗೊಡ್ಡು. ಬೆದೆಗೆ ಬರುವುದಿಲ್ಲ, ಗಬ್ಬ ಕಟ್ಟುವುದಿಲ್ಲ. ಒಳಗೆ ಎರಡರ ಮಾಸುಗಳ ರಕ್ತನಾಳ ಕೂಡಿಕೊಂಡು ಗಂಡುಕರುವಿನ ಹಾರ್ಮೋನು ಹೆಣ್ಣುಕರುವಿನ ಮೈಗೆ ಹರಿದಿರುತ್ತದೆ. 1916-17ರಲ್ಲೇ ಫ್ರಾಂಕ್ ಲಿಲ್ಲಿ ಇದನ್ನು ವಿವರಿಸಿದ್ದರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಒಂದು ಬೆಳಗ್ಗೆ ಹೋಗಿ ಬನ್ನಿ, ನಿಮ್ಮ ಈ ಭಾಗ ತಾನಾಗಿ ಜೀವ ತುಂಬಿಕೊಳ್ಳುತ್ತದೆ.

‘ಟೆಸ್ಟೋಸ್ಟಿರಾನ್ ಪುರುಷ ಹಾರ್ಮೋನು, ಈಸ್ಟ್ರೋಜನ್ ಸ್ತ್ರೀ ಹಾರ್ಮೋನು’ ಎಂಬ ವಾಕ್ಯ ಮೂರು ಕಡೆ ಇದೆ. ಮೂರೂ ಕಡೆ ಹೊಡೆದುಹಾಕಿದ್ದೇನೆ. ಗಂಡು ಇಲಿಮರಿಯ ಮೆದುಳಿನಲ್ಲಿ ಟೆಸ್ಟೋಸ್ಟಿರಾನ್ ಈಸ್ಟ್ರೋಜನ್ ಆಗಿ ಮಾರ್ಪಟ್ಟೇ ಮೆದುಳನ್ನು ಗಂಡಾಗಿಸುತ್ತದೆ. (ಮನುಷ್ಯರಿಗೆ ಇದನ್ನು ಹಾಗೇ ಅಂಟಿಸಬೇಡಿ, ನಮ್ಮಲ್ಲಿ ಟೆಸ್ಟೋಸ್ಟಿರಾನ್ನಿನ ನೇರ ಪಾತ್ರವೇ ದೊಡ್ಡದು.) ಈಸ್ಟ್ರೋಜನ್ ಗ್ರಾಹಕ ಕೆಟ್ಟಿದ್ದ ಒಬ್ಬ ಗಂಡಸಿನ ವರದಿ 1994ರಲ್ಲಿ ಬಂತು: 28 ವರ್ಷವಾದರೂ ಮೂಳೆಯ ತುದಿಗಳು ಮುಚ್ಚಿರಲಿಲ್ಲ, ಎತ್ತರ 204 ಸೆಂ.ಮೀ., ಇನ್ನೂ ಬೆಳೆಯುತ್ತಲೇ ಇದ್ದ.

ಇನ್ನು ‘ಕಶೇರುಕ’, ಅಂದರೆ ಬೆನ್ನೆಲುಬಿರುವ ಪ್ರಾಣಿ. ಉಪಶೀರ್ಷಿಕೆಯಲ್ಲಿ ಎಲ್ಲ ಕಶೇರುಕಗಳನ್ನೂ ಕರೆದು ಒಳಗೆ ಮನುಷ್ಯರಿಗೆ ಮಾತ್ರ ಎಲೆ ಹಾಕಿದ್ದೀರಿ. ಜಪಾನಿ ಕ್ವೈಲ್ ಹಕ್ಕಿ ಒಂದನ್ನಾದರೂ ಕರೆಯಿರಿ. ಹಗಲು ಉದ್ದವಾದಾಗ ಅದರ ಪಿಟ್ಯುಟರಿಯ ಒಂದು ಮೂಲೆಯಿಂದ ಹೊರಡುವ ಟಿಎಸ್‌ಎಚ್ ಕೆಳಗೆ ಥೈರಾಯ್ಡಿನತ್ತ ಹೋಗದೆ ಮೇಲೆ ಹೈಪೋಥಲಾಮಸ್ಸಿಗೆ ಹೋಗುತ್ತದೆ. ಅಲ್ಲಿ ಥೈರಾಯ್ಡ್ ಹಾರ್ಮೋನಿನ ಚುರುಕು ರೂಪ ತಯಾರಾಗಿ ಸಂತಾನದ ಕಾಲ ಶುರುವಾಗುತ್ತದೆ. ತಕಾಶಿ ಯೋಶಿಮುರಾ ಮತ್ತು ಸಂಗಡಿಗರು 2003 ಮತ್ತು 2008ರಲ್ಲಿ ಬಿಡಿಸಿದ ಒಗಟು ಇದು. ಆ ಹುಡುಗಿಯರ ಕಥೆಯ ಪಕ್ಕದಲ್ಲೇ ಇದನ್ನು ಇಟ್ಟರೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಸರೀಸೃಪಗಳಲ್ಲಿ ಉಷ್ಣತೆ ಬಂದು ನಡುವೆ ಕೂರುತ್ತದೆ. ರಂಗನತಿಟ್ಟಿನಲ್ಲಿ ನಾವು ನೋಡುವ ಮೊಸಳೆಯ ಮೊಟ್ಟೆಗಳು 28ರಿಂದ 31 ಡಿಗ್ರಿಯಲ್ಲಿದ್ದರೆ ಎಲ್ಲ ಹೆಣ್ಣು, 32.5ರಲ್ಲಿ ಗಂಡು. ಮದ್ರಾಸ್ ಮೊಸಳೆ ಬ್ಯಾಂಕಿನಲ್ಲಿ ನಡೆದ ಅಧ್ಯಯನ ಅದು. ಈ ಊರಿನ ಬೇಲಿಬೇಲಿಯಲ್ಲಿ ತಲೆ ಆಡಿಸುವ ಓತಿಕ್ಯಾತದ ಮೊಟ್ಟೆಗಳಲ್ಲಿ ಉಷ್ಣತೆ ಏರಿದಂತೆ ಹೆಣ್ಣು, ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು ಎಂಬ ವಿಚಿತ್ರ ಸಾಲನ್ನು ಧಾರವಾಡ ಮತ್ತು ಬೆಂಗಳೂರಿನ ಸಂಶೋಧಕರು 2012ರಲ್ಲಿ ವರದಿ ಮಾಡಿದರು. ಇದರಲ್ಲಿ ಹಾರ್ಮೋನು ಎಲ್ಲಿ ಬಂತು ಎಂದರೆ, ಸಾಕುಪ್ರಾಣಿ ಅಂಗಡಿಗಳ ಕೆಂಪುಕಿವಿ ಆಮೆಯನ್ನು ತೋರಿಸಿ. ಗಂಡು ಹುಟ್ಟಬೇಕಾದ ಉಷ್ಣತೆಯಲ್ಲೇ ಇಟ್ಟು ಚಿಪ್ಪಿಗೆ ಈಸ್ಟ್ರೋಜನ್ ಸವರಿದರೆ ಹೆಣ್ಣು ಹೊರಬರುತ್ತದೆ.

ನಮ್ಮದೇ ಊರಿನ ಎನ್. ಆರ್. ಮೌದ್ಗಲ್ ಅವರ ಹೆಸರು ಲೇಖನದಲ್ಲಿ ಇಲ್ಲದಿರುವುದು ಸರಿಯಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಒಂದು ಹಾರ್ಮೋನನ್ನಷ್ಟೇ ಪ್ರತಿಕಾಯಗಳಿಂದ ಕಟ್ಟಿಹಾಕಿ, ಉಳಿದದ್ದು ಏನು ಮಾಡುತ್ತದೆಂದು ನೋಡುವ ದಾರಿ ಹಿಡಿದವರು. ಗಂಡು ಕೋತಿಗಳಲ್ಲಿ ಎಫ್‌ಎಸ್‌ಎಚ್ ವಿರುದ್ಧ ಹಾಗೆ ಮಾಡಿದಾಗ ವೀರ್ಯಾಣುಗಳು ಕುಸಿದವು, ಟೆಸ್ಟೋಸ್ಟಿರಾನ್ ಮಾತ್ರ ಹಾಗೇ ಉಳಿಯಿತು. ಜೊತೆಯಾಗಿ ದುಡಿಯುವ ಹಾರ್ಮೋನುಗಳ ಪಾಲನ್ನು ಬೇರ್ಪಡಿಸಿ ನೋಡುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಕಾಣದು.

ಕಿತ್ತುಹಾಕಬೇಕಾದವು: ‘ಮಾನವ ದೇಹವೊಂದು ಅದ್ಭುತ ಯಂತ್ರ’ ಎಂಬ ಮೊದಲ ಪ್ಯಾರಾ, ‘ಪ್ರಕೃತಿಯ ವೈಚಿತ್ರ್ಯಕ್ಕೆ ಕೊನೆಯುಂಟೇ?’ ಎಂಬ ಕೊನೆಯ ಪ್ಯಾರಾ. ಗ್ರಂಥಿಗಳ ತೂಕ ಪೂರ್ತಿ. ಮೆಂತ್ಯ ನೆನೆಸಿದ ನೀರು ಕುಡಿದರೆ ಹಾರ್ಮೋನು ಸಮತೋಲನಕ್ಕೆ ಬರುತ್ತದೆ ಎಂಬ ಚೌಕಟ್ಟನ್ನಂತೂ ಯಾವ ಕಾರಣಕ್ಕೂ ಹಾಕುವುದಿಲ್ಲ. ಅದನ್ನು ನಂಬಿ ಒಬ್ಬರು ಮಾತ್ರೆ ಬಿಟ್ಟರೂ ಹೊಣೆ ನಮ್ಮದು.

ಮೇಲೆ ಹೇಳಿದ್ದೆಲ್ಲ ಒಂದೇ ಲೇಖನದಲ್ಲಿ ಹಿಡಿಸದು. ಥೈರಾಯ್ಡ್ ಮತ್ತು ಅಂಡಾಶಯದ ನಂಟನ್ನು ಬೆನ್ನೆಲುಬಾಗಿ ಇಟ್ಟುಕೊಂಡು ಕ್ವೈಲ್ ಮತ್ತು ಇಲಿಮರಿ ಸೇರಿಸಿ; ಅವಳಿ ಕರು, ಜೋಸ್ಟ್, ಓತಿಕ್ಯಾತ ಇನ್ನೊಂದು ಲೇಖನಕ್ಕಿರಲಿ. ಎರಡು ಸಾವಿರ ಪದ ಮೀರಬೇಡಿ. ಚಿತ್ರ ನಾವೇ ಬರೆಸುತ್ತೇವೆ, ಅಂತರ್ಜಾಲದಿಂದ ಇಳಿಸಿಕೊಂಡದ್ದನ್ನು ಕಳಿಸಬೇಡಿ. ಯೂನಿಕೋಡಿನಲ್ಲಿ ಕಳಿಸಿ. ‘ನುಡಿ’ ತಂತ್ರಾಂಶದಿಂದ ಪರಿವರ್ತಿಸುವುದಾದರೆ ಅರ್ಕಾವತ್ತುಗಳನ್ನು ಇನ್ನೊಮ್ಮೆ ನೋಡಿ; ಈ ಸಲ ‘ಗರ್ಭ’ ಬಂದ ಕಡೆಯಲ್ಲೆಲ್ಲ ರೇಫ ಜಾರಿಹೋಗಿತ್ತು.

ಇತಿ,
ಸಂಪಾದಕ