ಬತ್ತಿದ ಕೆರೆಯನ್ನು ನಕ್ಷೆಯಿಂದ ಅಳಿಸಬೇಕೇ? ಓಪನ್‌ಸ್ಟ್ರೀಟ್‌ಮ್ಯಾಪ್ ಕುರಿತು ಓದುಗರ ಪ್ರಶ್ನೆಗಳು

2004ರಲ್ಲಿ ಬ್ರಿಟನ್ನಿನ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್, ಖಾತೆ ತೆರೆದ ಯಾರು ಬೇಕಾದರೂ ತಿದ್ದಬಹುದಾದ ಜಗತ್ತಿನ ನಕ್ಷೆ. ಅದರಲ್ಲಿ ಪ್ರತಿಯೊಂದು ವಸ್ತುವೂ ಬಿಂದುವಾಗಿಯೋ ರೇಖೆಯಾಗಿಯೋ ಹಲವು ಬಿಂದು-ರೇಖೆಗಳನ್ನು ಒಟ್ಟುಗೂಡಿಸುವ ‘ರಿಲೇಶನ್’ ಆಗಿಯೋ ದಾಖಲಾಗಿರುತ್ತದೆ. ಅದು ಏನೆಂಬುದನ್ನು ಹೇಳುವುದು ಅದಕ್ಕೆ ಹಚ್ಚಿದ ಟ್ಯಾಗ್. ಈ ಟ್ಯಾಗ್‌ಗಳನ್ನು ನಕ್ಷೆಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು. ಓದುವ ಅನುಕೂಲಕ್ಕಾಗಿ ಇಲ್ಲಿ ಅವನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ.

ಪ್ರಶ್ನೆ: ನಮ್ಮೂರ ಕೆರೆ ಒಳ್ಳೆಯ ಮಳೆಯಾದ ವರ್ಷ ಮಾತ್ರ ತುಂಬುತ್ತದೆ. ಉಳಿದ ಕಾಲದಲ್ಲಿ ಅಂಗಳದ ತುಂಬ ಜಾಲಿ ಬೆಳೆದಿರುತ್ತದೆ, ದನ ಮೇಯುತ್ತಿರುತ್ತವೆ. ನಕ್ಷೆಯಲ್ಲಿ ಅದು ನೀಲಿಯಾಗಿ ಕಾಣುತ್ತಿದ್ದುದರಿಂದ ಅಳಿಸಿದೆ. ಯಾರೋ ಅದನ್ನು ಮರಳಿ ಹಾಕಿದರು. ಮತ್ತೆ ಅಳಿಸಿದೆ, ಮತ್ತೆ ಹಾಕಿದರು. ಯಾರು ಸರಿ?
— ಪ್ರೌಢಶಾಲಾ ಶಿಕ್ಷಕರು, ಶಿರಾ ತಾಲ್ಲೂಕು

ಉತ್ತರ: ಮರಳಿ ಹಾಕಿದವರೇ ಹೆಚ್ಚು ಸರಿ, ಆದರೆ ಅವರೂ ಕೆಲಸವನ್ನು ಪೂರ್ತಿ ಮಾಡಿಲ್ಲ. ಬಯಲುಸೀಮೆಯಲ್ಲಿ ಕೆರೆಯೆಂದರೆ ಈ ಹೊತ್ತು ಅದರಲ್ಲಿ ನಿಂತಿರುವ ನೀರಷ್ಟೇ ಅಲ್ಲ; ಏರಿ, ತೂಬು, ಕೋಡಿ, ಅಂಗಳ ಇಷ್ಟೂ ಸೇರಿ ಕೆರೆ. ಅವು ಇರುವವರೆಗೆ ಕೆರೆ ನೆಲದ ಮೇಲೆ ಇದೆ, ಆದ್ದರಿಂದ ನಕ್ಷೆಯಲ್ಲಿಯೂ ಇರಬೇಕು. ನೀರು ಸದಾ ಇರುವುದಿಲ್ಲವೆಂಬುದನ್ನು ತಿಳಿಸಲು ಅಳಿಸುವುದು ದಾರಿಯಲ್ಲ, ಟ್ಯಾಗ್ ಸೇರಿಸುವುದು ದಾರಿ. ‘ನ್ಯಾಚುರಲ್=ವಾಟರ್’, ‘ವಾಟರ್=ರಿಸರ್ವಾಯರ್’ ಎಂಬ ಎರಡರ ಜೊತೆಗೆ ‘ಇಂಟರ್ಮಿಟೆಂಟ್=ಯೆಸ್’ ಎಂದು ಬರೆದರೆ, ಈ ಜಲಾಶಯದಲ್ಲಿ ನೀರು ಬಂದು ಹೋಗುತ್ತದೆ ಎಂಬುದು ದಾಖಲಾಗುತ್ತದೆ. ನಕ್ಷೆಯನ್ನು ಚಿತ್ರವಾಗಿ ತೋರಿಸುವ ತಂತ್ರಾಂಶಗಳು ಈ ಟ್ಯಾಗ್ ನೋಡಿ ಅದನ್ನು ವರ್ಷವಿಡೀ ನೀರಿರುವ ಕೆರೆಗಿಂತ ಬೇರೆಯಾಗಿ ಬಿಡಿಸಬಲ್ಲವು.

ಅಂಚನ್ನು ಎಲ್ಲಿ ಎಳೆಯಬೇಕೆಂಬುದು ಇದಕ್ಕಿಂತ ಕಷ್ಟದ ವಿಚಾರ. ಉಪಗ್ರಹ ಚಿತ್ರಗಳಲ್ಲಿ ನಮಗೆ ಸ್ಪಷ್ಟವಾಗಿ ಸಿಗುವವು ಮೋಡವಿಲ್ಲದ ತಿಂಗಳುಗಳವು, ಎಂದರೆ ನೀರು ತಗ್ಗಿದ ಕಾಲದವು. ಅವುಗಳಲ್ಲಿ ಕಾಣುವ ನೀರಿನ ಸುತ್ತ ಗೆರೆ ಎಳೆದರೆ ಕೆರೆ ನಿಜಕ್ಕಿಂತ ಚಿಕ್ಕದಾಗುತ್ತದೆ. ಕೋಡಿ ಬೀಳುವ ಮಟ್ಟಕ್ಕೆ ನೀರು ನಿಂತಾಗ ಅದು ಎಲ್ಲಿಯವರೆಗೆ ಹರಡುತ್ತದೋ ಅಲ್ಲಿಗೆ ಎಳೆಯಿರಿ. ಹಿನ್ನೀರಿನ ಕಡೆಯ ಹೊಲದವರನ್ನು ಕೇಳಿದರೆ ಆ ಗೆರೆಯನ್ನು ಅವರು ಕೈಮಾಡಿ ತೋರಿಸುತ್ತಾರೆ. ಕೋಡಿಯನ್ನು ‘ವಾಟರ್‌ವೇ=ವಿಯರ್’ ಎಂದೂ ತೂಬನ್ನು ‘ವಾಟರ್‌ವೇ=ಸ್ಲೂಯಿಸ್_ಗೇಟ್’ ಎಂದೂ ಏರಿಯನ್ನು ‘ವಾಟರ್‌ವೇ=ಡ್ಯಾಮ್’ ಎಂದೂ ಗುರುತಿಸಬಹುದು. ಏರಿಯ ಮೇಲೆ ರಸ್ತೆ ಹೋಗಿದ್ದರೆ ಅದಕ್ಕೆ ಬೇರೆಯದೇ ರೇಖೆ ಎಳೆಯಬೇಕು. ಹಳ್ಳ ಅಥವಾ ಕಾಲುವೆಯ ರೇಖೆಯನ್ನು ನೀರು ಹರಿಯುವ ದಿಕ್ಕಿನಲ್ಲಿಯೇ ಎಳೆಯಬೇಕೆಂಬ ನಿಯಮವನ್ನು ಹೊಸಬರು ಮರೆಯುವುದೇ ಹೆಚ್ಚು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಸೇರುವ ನಮ್ಮ ಕೆರೆಸಾಲುಗಳಲ್ಲಿ ಒಂದು ರೇಖೆಯ ಬಾಣ ತಿರುಗಿದರೂ, ಆ ದತ್ತಾಂಶವನ್ನು ಬಳಸಿ ನೀರಿನ ಹರಿವನ್ನು ಲೆಕ್ಕ ಹಾಕುವವರಿಗೆ ನೀರು ಏರು ಹತ್ತಿದಂತೆ ಕಾಣುತ್ತದೆ.

ಇನ್ನು ಅಳಿಸಿ-ಹಾಕುವ ಜಗ್ಗಾಟ. ನೀವು ಉಳಿಸುವ ಪ್ರತಿಯೊಂದು ತಿದ್ದುಪಡಿಯ ಗುಚ್ಛವೂ ‘ಚೇಂಜ್‌ಸೆಟ್’ ಆಗಿ, ನಿಮ್ಮ ಖಾತೆಯ ಹೆಸರು ಮತ್ತು ಸಮಯದೊಡನೆ ಶಾಶ್ವತವಾಗಿ ಉಳಿಯುತ್ತದೆ. ಅದರ ಕೆಳಗೆ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಎರಡನೆಯ ಬಾರಿ ಅಳಿಸುವ ಮೊದಲು ನೀವು ಅಲ್ಲಿ ಬರೆಯಬೇಕಿತ್ತು. ಈಗಲಾದರೂ ಕನ್ನಡದಲ್ಲಿಯೇ ಬರೆಯಿರಿ: ‘ಈ ಕೆರೆ ಕೆಲವು ವರ್ಷ ಮಾತ್ರ ತುಂಬುತ್ತದೆ, ನಾನು ಸ್ಥಳೀಯ, ಇಂಟರ್ಮಿಟೆಂಟ್ ಟ್ಯಾಗ್ ಸೇರಿಸಲೇ?’ ಎದುರಿನವರು ದೂರದ ಊರಿನಲ್ಲಿ ಕುಳಿತು ಉಪಗ್ರಹ ಚಿತ್ರವನ್ನಷ್ಟೇ ನೋಡಿ ಬಿಡಿಸಿದವರಾಗಿದ್ದರೆ, ನೆಲ ಕಂಡವರ ಮಾತಿಗೆ ಹೆಚ್ಚಿನ ತೂಕ ಕೊಡುವುದು ಈ ಸಮುದಾಯದ ರೂಢಿ. ಮಾತಿಗೂ ಬಗ್ಗದೆ ಜಗ್ಗಾಟ ಮುಂದುವರಿದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಫೌಂಡೇಶನ್ನಿನ ಡೇಟಾ ವರ್ಕಿಂಗ್ ಗ್ರೂಪ್ ಮಧ್ಯೆ ಬರುತ್ತದೆ, ಖಾತೆಗಳನ್ನು ತಾತ್ಕಾಲಿಕವಾಗಿ ತಡೆಯುವ ಅಧಿಕಾರವೂ ಅದಕ್ಕಿದೆ. ಒಂದು ಕೆರೆಗಾಗಿ ಅಲ್ಲಿಯವರೆಗೆ ಹೋಗಬೇಕಾಗಿಲ್ಲ.

ಪ್ರಶ್ನೆ: ಕಂದಾಯ ದಾಖಲೆಯಲ್ಲಿ ಕೆರೆ ಎಂದಿರುವ ಜಾಗದಲ್ಲಿ ಈಗ ಬಡಾವಣೆಯಿದೆ. ಒತ್ತುವರಿ ಎಲ್ಲರಿಗೂ ಕಾಣಲೆಂದು ನಕ್ಷೆಯಲ್ಲಿ ಅದನ್ನು ಕೆರೆಯೆಂದೇ ಬರೆಯಬಹುದೇ?
— ನಿವಾಸಿಗಳ ಸಂಘದ ಸದಸ್ಯೆ, ಬೆಂಗಳೂರು

ಉತ್ತರ: ಬರೆಯಬಾರದು. ನಿಮ್ಮ ಉದ್ದೇಶ ಒಳ್ಳೆಯದಾದರೂ ಈ ನಕ್ಷೆ ಹಕ್ಕುಪತ್ರವಲ್ಲ. ಇಂದು ನೆಲದ ಮೇಲೆ ಹೋಗಿ ನೋಡಿದವರಿಗೆ ಏನು ಕಾಣುತ್ತದೆಯೋ ಅದನ್ನು ಮಾತ್ರ ಅದು ಹೇಳುತ್ತದೆ. ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಮೆಜೆಸ್ಟಿಕ್‌ನ ಬಸ್ ನಿಲ್ದಾಣವೂ ಸಂಪಂಗಿ ಕೆರೆಯಿದ್ದ ಜಾಗದಲ್ಲಿ ಕಂಠೀರವ ಕ್ರೀಡಾಂಗಣವೂ ನಕ್ಷೆಯಲ್ಲಿರುವುದು ಇದೇ ಕಾರಣಕ್ಕೆ. ಅಳಿದುಹೋದದ್ದನ್ನು ಕಾಲಮಾನದೊಡನೆ ದಾಖಲಿಸಲು ‘ಓಪನ್‌ಹಿಸ್ಟಾರಿಕಲ್‌ಮ್ಯಾಪ್’ ಎಂಬ ಪ್ರತ್ಯೇಕ ಯೋಜನೆಯಿದೆ, ಹಳೆಯ ಕೆರೆಯ ಅಂಚನ್ನು ಅಲ್ಲಿ ಎಳೆಯಿರಿ. ಬಡಾವಣೆಯ ನಡುವೆ ಇನ್ನೂ ಹರಿಯುತ್ತಿರುವ ರಾಜಕಾಲುವೆಯನ್ನು, ಅದು ಎಷ್ಟೇ ಕಿರಿದಾಗಿದ್ದರೂ, ಎಲ್ಲಿ ಮೋರಿಯೊಳಗೆ ಹೊಕ್ಕು ಎಲ್ಲಿ ಹೊರಬರುತ್ತದೆ ಎಂಬುದರ ಸಮೇತ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಧಾರಾಳವಾಗಿ ಬಿಡಿಸಬಹುದು. ನನಗೆ ಕೇಳಿದರೆ, ಇಲ್ಲದ ಕೆರೆಯನ್ನು ನೀಲಿಯಾಗಿಸುವುದಕ್ಕಿಂತ ಇರುವ ಕಾಲುವೆಯನ್ನು ಸರಿಯಾಗಿ ಬಿಡಿಸುವುದೇ ನಿಮ್ಮ ಹೋರಾಟಕ್ಕೆ ಹೆಚ್ಚು ಬಲ ಕೊಡುತ್ತದೆ.

ಪ್ರಶ್ನೆ: ನಮ್ಮ ಹಳ್ಳಿಯ ರಸ್ತೆ ನಕ್ಷೆಯನ್ನು ತೀರ ಹಿಗ್ಗಿಸಿದರೆ ಮಾತ್ರ ಕಾಣುತ್ತದೆ. ಅದನ್ನು ‘ಪ್ರೈಮರಿ’ ಎಂದು ಬದಲಾಯಿಸಿದ ಮೇಲೆ ಚೆನ್ನಾಗಿ ಕಾಣುತ್ತಿತ್ತು, ಆದರೆ ಯಾರೋ ‘ಅನ್‌ಕ್ಲಾಸಿಫೈಡ್’ ಎಂದು ತಿದ್ದಿದ್ದಾರೆ. ಇದು ನಮ್ಮೂರಿಗೆ ಅವಮಾನವಲ್ಲವೇ?
— ಕೃಷಿಕರು, ಹಾವೇರಿ ಜಿಲ್ಲೆ

ಉತ್ತರ: ಅವಮಾನವೇನೂ ಅಲ್ಲ. ‘ಹೈವೇ’ ಎಂಬ ಕೀಲಿ (ಟ್ಯಾಗ್‌ನಲ್ಲಿ ‘=’ ಚಿಹ್ನೆಯ ಎಡಕ್ಕೆ ಬರುವ ಪದ) ಇಲ್ಲಿ ಕಾಲುದಾರಿಯಿಂದ ಎಕ್ಸ್‌ಪ್ರೆಸ್‌ವೇವರೆಗೆ ಎಲ್ಲ ದಾರಿಗಳಿಗೂ ಒಂದೇ, ಹಾಗೂ ‘ಅನ್‌ಕ್ಲಾಸಿಫೈಡ್’ ಎಂದರೆ ಹಳ್ಳಿಯಿಂದ ಹಳ್ಳಿಗೆ ಹೋಗುವ ಸಣ್ಣ ರಸ್ತೆಯೆಂಬ ಒಂದು ನಿಶ್ಚಿತ ದರ್ಜೆ. ಭಾರತದಲ್ಲಿ ರಾಷ್ಟ್ರೀಯ ಹೆದ್ದಾರಿಗೆ ‘ಟ್ರಂಕ್’, ರಾಜ್ಯ ಹೆದ್ದಾರಿಗೆ ‘ಪ್ರೈಮರಿ’, ಜಿಲ್ಲಾ ಮುಖ್ಯ ರಸ್ತೆಗೆ ‘ಸೆಕೆಂಡರಿ’ ಎಂದು ಬಳಸುವುದು ಬಹುಕಾಲದ ರೂಢಿ. ಚಿತ್ರದಲ್ಲಿ ಚೆನ್ನಾಗಿ ಕಾಣಲೆಂದು ದರ್ಜೆಯನ್ನು ಏರಿಸಿದರೆ, ದಾರಿ ತೋರಿಸುವ ಆ್ಯಪ್‌ಗಳು ಅದನ್ನೇ ನಂಬಿ ಲಾರಿಗಳನ್ನು ನಿಮ್ಮೂರ ಬೀದಿಗೆ ನುಗ್ಗಿಸುತ್ತವೆ. ರಸ್ತೆಯ ಬಗ್ಗೆ ಹೆಚ್ಚು ಹೇಳಬೇಕೆಂದಿದ್ದರೆ ಡಾಂಬರೋ ಜಲ್ಲಿಯೋ ಎಂಬುದನ್ನು ‘ಸರ್ಫೇಸ್’ ಕೀಲಿಯಲ್ಲಿಯೂ ಗುಂಡಿ ಎಷ್ಟರಮಟ್ಟಿಗಿದೆಯೆಂಬುದನ್ನು ‘ಸ್ಮೂತ್‌ನೆಸ್’ ಕೀಲಿಯಲ್ಲಿಯೂ ತುಂಬಿ.

ಪ್ರಶ್ನೆ: ಊರಿನ ಹೆಸರನ್ನು ಕನ್ನಡದಲ್ಲಿ ಎಲ್ಲಿ ಬರೆಯಬೇಕು? ಒಂದು ಜಿಲ್ಲೆಯ ಹೆಸರುಗಳನ್ನೆಲ್ಲ ತಂತ್ರಾಂಶದಿಂದ ಒಮ್ಮೆಗೇ ಲಿಪ್ಯಂತರಿಸಬಹುದೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ‘ನೇಮ್:ಕೆಎನ್’ ಎಂಬ ಕೀಲಿ ಇರುವುದು ಕನ್ನಡ ಹೆಸರಿಗಾಗಿಯೇ. 2014ರ ನವೆಂಬರ್ 1ರಂದು ಹೆಸರು ಬದಲಾದ ನಿಮ್ಮ ಹುಬ್ಬಳ್ಳಿಯಂತಹ ಊರುಗಳ ಹಳೆಯ ಇಂಗ್ಲಿಷ್ ರೂಪವನ್ನು ಅಳಿಸದೆ ‘ಓಲ್ಡ್_ನೇಮ್’ನಲ್ಲಿ ಇಟ್ಟರೆ ಹಳೆಯ ಹೆಸರಿನಿಂದ ಹುಡುಕುವವರಿಗೂ ಊರು ಸಿಗುತ್ತದೆ. ಸಗಟು ಲಿಪ್ಯಂತರ ಮಾತ್ರ ಬೇಡ. ಇಂಗ್ಲಿಷ್ ಬರಹದಲ್ಲಿ ಲ-ಳ, ನ-ಣ, ತ-ಟಗಳ ಭೇದ ಉಳಿದಿರುವುದಿಲ್ಲ. ಯಂತ್ರ ಊಹಿಸಿ ಹಾಕಿದ ಅಕ್ಷರವನ್ನು ಮುಂದಿನವರು ನಿಜವೆಂದೇ ನಂಬುತ್ತಾರೆ. ಮೇಲಾಗಿ, ಯಂತ್ರದಿಂದ ಒಟ್ಟಿಗೆ ಮಾಡುವ ಯಾವುದೇ ತಿದ್ದುಪಡಿಯನ್ನು ಮೊದಲು ಸಮುದಾಯದ ಮುಂದಿಟ್ಟು ಚರ್ಚಿಸಬೇಕೆಂಬ ನಿಯಮವಿದೆ. ಚರ್ಚೆಯಿಲ್ಲದೆ ಮಾಡಿದರೆ ಪೂರ್ತಿಯಾಗಿ ಹಿಂತೆಗೆಯುತ್ತಾರೆ. ಗ್ರಾಮ ಪಂಚಾಯಿತಿಯ ನಾಮಫಲಕ, ಬಸ್ಸಿನ ಬೋರ್ಡು, ಶಾಲೆಯ ಗೋಡೆ ಇವನ್ನು ನೋಡಿ ಒಂದೊಂದಾಗಿ ತುಂಬುವುದು ನಿಧಾನವಾದರೂ ಅದೇ ಸರಿಯಾದ ಕೆಲಸ.

ಪ್ರಶ್ನೆ: ಗೂಗಲ್ ಮ್ಯಾಪ್ ನೋಡಿಕೊಂಡು ಅಂಗಡಿಗಳ ಹೆಸರು ಸೇರಿಸಬಹುದೇ?
— ಗೃಹಿಣಿ, ಉಡುಪಿ

ಉತ್ತರ: ಖಂಡಿತ ಬೇಡ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶ 2012ರಿಂದ ಓಪನ್ ಡೇಟಾಬೇಸ್ ಲೈಸೆನ್ಸ್ ಅಡಿಯಲ್ಲಿ ಎಲ್ಲರಿಗೂ ಮುಕ್ತವಾಗಿದೆ. ಬೇರೆಯವರ ಹಕ್ಕಿನಲ್ಲಿರುವ ನಕ್ಷೆಯಿಂದ ನಕಲಿಸಿದ್ದನ್ನು ಅದರೊಳಗೆ ಬೆರೆಸಿದರೆ ಆ ಮುಕ್ತತೆಯೇ ಪ್ರಶ್ನೆಗೊಳಗಾಗುತ್ತದೆ. ಅಂಗಡಿಯ ಮುಂದೆ ನಡೆದುಹೋಗುತ್ತ ಬೋರ್ಡು ಓದಿ ಬರೆಯಿರಿ.

ಪ್ರಶ್ನೆ: ನಿವೃತ್ತನಾಗಿದ್ದೇನೆ, ಸಮಯವಿದೆ. ಫೋನಿನಲ್ಲಿ ಮಾಡಲೇ, ಕಂಪ್ಯೂಟರಿನಲ್ಲಿ ಮಾಡಲೇ?
— ಮಾಜಿ ಬ್ಯಾಂಕ್ ಅಧಿಕಾರಿ, ಸಾಗರ

ಉತ್ತರ: ಬೆಳಗಿನ ವಾಯುವಿಹಾರದ ಅಭ್ಯಾಸವಿದ್ದರೆ ಆಂಡ್ರಾಯ್ಡ್ ಫೋನಿನ ‘ಸ್ಟ್ರೀಟ್‌ಕಂಪ್ಲೀಟ್’ನಿಂದ ಆರಂಭಿಸಿ. ಈ ರಸ್ತೆ ಡಾಂಬರಿನದೇ, ಈ ಕಟ್ಟಡಕ್ಕೆ ಎಷ್ಟು ಮಹಡಿ ಎಂದು ಅದೇ ಪ್ರಶ್ನೆ ಕೇಳುತ್ತದೆ. ನೀವು ಕಂಡದ್ದನ್ನು ಉತ್ತರಿಸಿದರೆ ಟ್ಯಾಗ್ ಅದೇ ಬರೆದುಕೊಳ್ಳುತ್ತದೆ. ಮನೆಯಲ್ಲಿ ಕುಳಿತು ಬಿಡಿಸಲು ಬ್ರೌಸರಿನಲ್ಲಿಯೇ ತೆರೆಯುವ ‘ಐಡಿ’ ಎಡಿಟರ್ ಸಾಕು. ‘ಜೋಸಂ’ ಇನ್ನೂ ಶಕ್ತಿಶಾಲಿ, ಆದರೆ ನೂರಾರು ವಸ್ತುಗಳನ್ನು ಒಮ್ಮೆಗೇ ಬದಲಿಸುವ ಸೌಲಭ್ಯ ಅದರಲ್ಲಿರುವುದರಿಂದ ಕೈ ಪಳಗುವವರೆಗೆ ಕಾಯುವುದು ಒಳಿತು. ಸಾಗರದಂತಹ ಗುಡ್ಡಗಾಡಿನಲ್ಲಿ ಒಂದು ಎಚ್ಚರಿಕೆ ಅಗತ್ಯ: ಇಳಿಜಾರಿನಲ್ಲಿ ಉಪಗ್ರಹ ಚಿತ್ರ ನಿಜವಾದ ಸ್ಥಾನದಿಂದ ಕೆಲವು ಮೀಟರ್ ಸರಿದಿರುವುದುಂಟು. ಒಂದು ಚಿತ್ರದ ಮೇಲೆ ರಸ್ತೆಯನ್ನೂ ಇನ್ನೊಂದರ ಮೇಲೆ ಮನೆಯನ್ನೂ ಬಿಡಿಸಿದರೆ ಮನೆ ರಸ್ತೆಯ ನಡುವೆ ಬಂದು ನಿಲ್ಲುತ್ತದೆ. ಆ ರಸ್ತೆಯಲ್ಲಿ ಹಲವರು ಓಡಾಡಿ ಸೇರಿಸಿದ ಜಿಪಿಎಸ್ ಜಾಡುಗಳನ್ನು ತೆರೆದು, ಚಿತ್ರವನ್ನು ಅವಕ್ಕೆ ಹೊಂದಿಸಿಕೊಂಡ ಮೇಲೆಯೇ ಬಿಡಿಸಲು ತೊಡಗಿ.

ಪ್ರಶ್ನೆ: ಕಾಲೇಜಿನಲ್ಲಿ ಒಂದು ದಿನದ ‘ಮ್ಯಾಪಥಾನ್’ ನಡೆಸಿ ಪಕ್ಕದ ತಾಲ್ಲೂಕಿನ ಮನೆಗಳನ್ನೆಲ್ಲ ಬಿಡಿಸಬೇಕೆಂದಿದ್ದೇವೆ. ಸಲಹೆ ಕೊಡಿ.
— ಭೂಗೋಳ ಉಪನ್ಯಾಸಕಿ, ರಾಯಚೂರು

ಉತ್ತರ: 2010ರ ಹೈಟಿ ಭೂಕಂಪದ ನಂತರ ದೂರದ ದೇಶಗಳ ಸ್ವಯಂಸೇವಕರು ಪೋರ್ಟ್ ಒ ಪ್ರಿನ್ಸ್ ನಗರದ ನಕ್ಷೆಯನ್ನು ಕೆಲವೇ ದಿನಗಳಲ್ಲಿ ಬಿಡಿಸಿ ಪರಿಹಾರ ತಂಡಗಳಿಗೆ ನೆರವಾದಂದಿನಿಂದ ಇಂತಹ ಗುಂಪು ಕೆಲಸ ಜನಪ್ರಿಯವಾಗಿದೆ. ಅಲ್ಲಿ ತುರ್ತಿತ್ತು, ನಿಮಗಿಲ್ಲ. ಇಡೀ ತಾಲ್ಲೂಕನ್ನು ಬಿಟ್ಟು, ವಿದ್ಯಾರ್ಥಿಗಳು ನಡೆದು ನೋಡಬಲ್ಲ ಎರಡು-ಮೂರು ಊರುಗಳನ್ನು ಆರಿಸಿಕೊಳ್ಳಿ. ಗುಂಪಾಗಿ ತಿದ್ದುವವರು ತಮ್ಮ ಉದ್ದೇಶ, ಬಳಸುವ ಚಿತ್ರ ಮತ್ತು ಸಂಪರ್ಕಿಸಬೇಕಾದ ವ್ಯಕ್ತಿಯ ವಿವರವನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ವಿಕಿಯಲ್ಲಿ ಮುಂಚಿತವಾಗಿ ಬರೆದು, ಸ್ಥಳೀಯ ಸಮುದಾಯಕ್ಕೆ ತಿಳಿಸಬೇಕೆಂದು ಫೌಂಡೇಶನ್ನಿನ ಮಾರ್ಗಸೂಚಿ ಹೇಳುತ್ತದೆ. ಪ್ರತಿಯೊಬ್ಬರೂ ಸ್ವಂತ ಖಾತೆ ತೆರೆಯಲಿ. ಕಾಲೇಜಿಗೆಲ್ಲ ಒಂದೇ ಖಾತೆ ಬಳಸಿದರೆ ತಪ್ಪು ಕಂಡವರು ಯಾರನ್ನು ಕೇಳಬೇಕೆಂಬುದು ತಿಳಿಯುವುದಿಲ್ಲ. ಮನೆ ಬಿಡಿಸುವಾಗ ಚಾವಣಿಯ ಅಂಚನ್ನಲ್ಲ, ಗೋಡೆ ನೆಲಕ್ಕೆ ತಾಗುವ ಅಂಚನ್ನು ಹಿಡಿಯಬೇಕು. ನಾಲ್ಕು ಮೂಲೆ ಇಟ್ಟಾದ ಮೇಲೆ ‘ಕ್ಯೂ’ ಕೀ ಒತ್ತಿದರೆ ಮೂಲೆಗಳು ಲಂಬಕೋನಕ್ಕೆ ಕೂರುತ್ತವೆ. ಮಧ್ಯಾಹ್ನ ಮೂರರ ನಂತರ ಹೊಸದನ್ನು ಬಿಡಿಸಲು ಬಿಡದೆ, ಒಬ್ಬರ ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟು ತಪಾಸಣೆ ಮಾಡಿಸಿ. ಒಂದರ ಮೇಲೊಂದು ಬಂದ ಮನೆಗಳು, ಕೂಡದೆ ಉಳಿದ ರಸ್ತೆಯ ತುದಿಗಳು ಆ ಹೊತ್ತಿನಲ್ಲಿಯೇ ಸಿಗುತ್ತವೆ.