ನಿಂತ ನೆಲ್ಲು, ಕೊಯ್ದ ನೆಲ್ಲು

ಗಂಗಾವತಿಯಿಂದ ಮೊದಲ ವರ್ಷದ ಕಾನೂನು ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ: "ಐಪಿಸಿ ನಂಬರುಗಳನ್ನು ಹೇಗೋ ಬಾಯಿಪಾಠ ಮಾಡಿದ್ದೆ, ಈಗ ಎಲ್ಲಾ ಬದಲಾಗಿದೆ. ಕಳ್ಳತನದ ಕಲಂ ಎಷ್ಟು ಓದಿದರೂ ತಲೆಗೆ ಹತ್ತುತ್ತಿಲ್ಲ. ತನ್ನ ವಸ್ತುವನ್ನೇ ಕದ್ದರೂ ಕಳ್ಳತನವಂತೆ, ಅದು ಹೇಗೆ ಸರ್?"

ನಂಬರಿನ ಚಿಂತೆ ಮೊದಲು ಬಿಡಿ. ಐಪಿಸಿ ಅಂದರೆ 1860ರ ಭಾರತೀಯ ದಂಡ ಸಂಹಿತೆ. ಅದರ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು, ಕಳ್ಳತನ 378 ಇದ್ದದ್ದು 303 ಆಯ್ತು, ಕೊಲೆಯ ಶಿಕ್ಷೆ 302 ಇದ್ದದ್ದು 103 ಆಯ್ತು. ಆದರೆ ಕಳ್ಳತನ ಅಂದರೇನು ಅನ್ನೋದು 1860ರಲ್ಲಿ ಇದ್ದ ಹಾಗೇ ಇದೆ.

ಕಲಂ ಅನ್ನು ಬಿಡಿಸಿ ಓದಿ. ವಸ್ತು ಇನ್ನೊಬ್ಬರ ವಶದಲ್ಲಿರಬೇಕು, ಎತ್ತಿ ಒಯ್ಯುವಂಥದ್ದಾಗಿರಬೇಕು, ಅವರ ಒಪ್ಪಿಗೆ ಇರಬಾರದು, ಮನಸ್ಸಲ್ಲಿ ಮೋಸ ಇರಬೇಕು, ಆ ಮನಸ್ಸಿನಿಂದಲೇ ಅದನ್ನು ಕದಲಿಸಿರಬೇಕು. ಒಂದು ತಪ್ಪಿದರೂ ಕಳ್ಳತನ ಆಗಲ್ಲ.

ನಿಮ್ಮೂರ ಗದ್ದೆಗೇ ಹೋಗೋಣ. ನಿಂತ ನೆಲ್ಲು ಬೇರು ಬಿಟ್ಟು ನೆಲಕ್ಕೆ ಅಂಟಿಕೊಂಡಿರುವ ತನಕ ಈ ಕಲಂಗೆ ಸಿಗೋದೇ ಇಲ್ಲ. ರಾತ್ರಿ ಒಬ್ಬ ಕುಡುಗೋಲು ಹಿಡಿದು ಪಕ್ಕದವರ ಗದ್ದೆಗೆ ಇಳಿದ ಅಂದುಕೊಳ್ಳಿ. ಎಡಗೈಲಿ ಒಂದು ಹಿಡಿ ಪೈರು ಹಿಡಿದ. ಇನ್ನೂ ಕಳ್ಳತನ ಆಗಿಲ್ಲ, ಬೇಕಾದರೆ ಪ್ರಯತ್ನ ಅನ್ನಬಹುದು. ಕುಡುಗೋಲು ಎಳೆದ, ಪೈರು ಕೈಗೆ ಬಂತು, ಅಲ್ಲೇ ಆಯ್ತು. ಸಿವುಡು ಕಟ್ಟಿ ಮನೆಗೆ ಒಯ್ಯಬೇಕಂತಿಲ್ಲ. ಕೊಯ್ದದ್ದೂ ಕದಲಿಸಿದ್ದೂ ಒಂದೇ ಏಟಿಗೆ ಆಗಬಹುದು ಅಂತ ಕಲಂನ ವಿವರಣೆಯೇ ಹೇಳುತ್ತದೆ.

ಅದೇ ಮನುಷ್ಯ ಬದು ತಪ್ಪಿ, ಇದು ನನ್ನದೇ ಗದ್ದೆ ಅಂತ ನಿಜವಾಗಿ ನಂಬಿ ಕೊಯ್ದಿದ್ದರೆ? ಕೈ ಅದೇ, ಕುಡುಗೋಲು ಅದೇ, ಆದರೂ ಕಳ್ಳತನ ಅಲ್ಲ. ಇಡೀ ಅಪರಾಧ ಕಾನೂನಿನಲ್ಲಿ ನನಗೆ ಬಹಳ ಹಿಡಿಸಿದ ಜಾಗ ಇದು. ಹಾಗಂತ ಸುಮ್ನೆ "ಗೊತ್ತಿರಲಿಲ್ಲ" ಅಂದರೆ ಆಗುತ್ತಾ? ಇಲ್ಲ. ನಡುರಾತ್ರಿ ಯಾಕೆ ಬಂದ, ಟಾರ್ಚ್ ಯಾಕೆ ಆರಿಸಿದ, ಕೊಯ್ದದ್ದನ್ನು ಎಲ್ಲಿ ಬಚ್ಚಿಟ್ಟ, ಇದನ್ನೆಲ್ಲ ನೋಡಿಯೇ ಕೋರ್ಟು ಅವನ ಮನಸ್ಸಲ್ಲಿ ಏನಿತ್ತು ಅಂತ ತೀರ್ಮಾನಿಸೋದು.

ಇನ್ನು ತನ್ನ ವಸ್ತುವನ್ನೇ ಕದಿಯೋ ಮಾತು. ಕಲಂ ಕೆಳಗಿನ ಉದಾಹರಣೆಗಳಲ್ಲೇ ಇದೆ, ದಯವಿಟ್ಟು ಅವನ್ನು ಹಾರಿಸಬೇಡಿ. ಗಡಿಯಾರ ಅಡವಿಟ್ಟವನು ಸಾಲ ತೀರಿಸದೆ, ಕೇಳದೆ, ಅದನ್ನು ಎತ್ತಿಕೊಂಡು ಬಂದರೆ ಕಳ್ಳತನವೇ. ಗಡಿಯಾರ ಅವನದು, ಆದರೆ ಅದು ಇದ್ದದ್ದು ಸಾಲ ಕೊಟ್ಟವನ ವಶದಲ್ಲಿ ಅಲ್ವಾ?

ಈಗ ನೀವೇ ಒಂದು ಬಿಡಿಸಿ. ಗದ್ದೆಯ ಯಜಮಾನ ಅಡ್ಡ ಬಂದ, ಇವನು ಕುಡುಗೋಲು ಎತ್ತಿ ಹೆದರಿಸಿ ಸಿವುಡು ಹೊತ್ತುಕೊಂಡು ಹೋದ. ಹೊಸ ಸಂಹಿತೆಯ ಕಲಂ 309 ತೆಗೆದು ಓದಿ, ಉತ್ತರ ಬರೆದು ಕಳಿಸಿ.